ಕನ್ನಡ ವಿಭಾಗಕ್ಕೊಬ್ಬ ತೀರ್ಪುಗಾರ

ಪಾಲಾರಿವಟ್ಟಂನ ನಮ್ಮ ಬ್ಯಾಂಕಿನಲ್ಲಿ ಯಜ್ಞನಾರಾಯಣ ಭಟ್ಟರು ಸಾಲದ ಕಾಗದಪತ್ರ ಪರಿಶೀಲಿಸುವ ಅಧಿಕಾರಿಯಾಗಿದ್ದರು. ಕುಂಬಳೆ ಕಡೆಯವರು. ಮೂಲಪತ್ರವನ್ನು ಕಣ್ಣಾರೆ ನೋಡದೆ ಯಾವ ಕಡತಕ್ಕೂ ಸಹಿ ಹಾಕುತ್ತಿರಲಿಲ್ಲ. ಜೆರಾಕ್ಸ್ ತಂದವರಿಗೆ ಅದನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಡುತ್ತಿದ್ದರು. ಮ್ಯಾನೇಜರರ ಭಾವಮೈದುನನ ಕಡತವೂ ಹೀಗೇ ವಾಪಸಾಗಿತ್ತು. ಆ ವರ್ಷ ಭಟ್ಟರಿಗೆ ಬಡ್ತಿ ಬರಲಿಲ್ಲ.

ನಾನು ಅಲ್ಲಿ ಗುಮಾಸ್ತನಾಗಿ ಸೇರಿದ ವರ್ಷ, ಅಂದರೆ ೨೦೦೬ರಲ್ಲಿ, ವಿನ್ಸೆಂಟ್ ಎಂಬ ಖಾತೆದಾರ ಅವರ ಮೇಜಿಗೆ ಬಂದ. ಕ್ರೈಸ್ತ ಭಕ್ತಿಗೀತೆಗಳಿಗೆ ಪ್ರತಿವರ್ಷ ಪ್ರಶಸ್ತಿ ಕೊಡುವ ಸಂಘವೊಂದರ ಕಾರ್ಯದರ್ಶಿ ಅವನು. ಸಮಾರಂಭ ತಿರುವನಂತಪುರದಲ್ಲಿ. ಅಲ್ಲಿಯವರೆಗೆ ಮಲಯಾಳ ಹಾಡುಗಳಿಗಷ್ಟೇ ಇತ್ತು. ಆ ವರ್ಷ ಕನ್ನಡ ಗಾಯನ ತಂಡಕ್ಕೂ ಒಂದು ಪ್ರಶಸ್ತಿ ಎಂದು ತೀರ್ಮಾನಿಸಿದ್ದರು.

"ಸಾರೇ, ನೀವೇ ತೀರ್ಪುಗಾರರಾಗಬೇಕು" ಎಂದ ಮಲಯಾಳದಲ್ಲಿ.

"ನಾನು ದಿನಾ ಸಂಧ್ಯಾವಂದನೆ ಮಾಡುವವ ಮಾರಾಯ. ನಿಮ್ಮ ಹಾಡಿನ ಸಂಗತಿ ನನಗೆಂತ ಗೊತ್ತುಂಟು?"

"ಅದಕ್ಕೇ ಸಾರೇ! ಕ್ಯಾಥೋಲಿಕರನ್ನು ಕೂರಿಸಿದರೆ ಸಿಎಸ್‌ಐನವರು ಮುನಿಸಿಕೊಳ್ಳುತ್ತಾರೆ. ಸಿಎಸ್‌ಐನವರನ್ನು ಕೂರಿಸಿದರೆ ಪೆಂತೆಕೋಸ್ತಿನವರು. ನಿಮ್ಮ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ."

ಭಟ್ಟರು ಯೋಚಿಸಿ, ಇದು ನ್ಯಾಯವಾದ ಮಾತು ಎಂದು ಒಪ್ಪಿಕೊಂಡರು. ಮಾರನೆಯ ದಿನವೇ ಕನ್ನಡ ಬೈಬಲ್ ಕೊಂಡು ಕೀರ್ತನೆಗಳನ್ನು ಓದತೊಡಗಿದರು. ಅವರ ಹೆಂಡತಿ ವಿಜಯಶ್ರೀ, "ಇದೂ ಬ್ಯಾಂಕಿನ ಕೆಲಸವಾ?" ಎಂದು ಕೇಳಿದರಂತೆ. "ಅಲ್ಲ, ಆದರೆ ಒಪ್ಪಿಯಾಗಿದೆ" ಎಂದು ಇವರು ಪುಟ ತಿರುಗಿಸಿದರಂತೆ.

ಕನ್ನಡ ವಿಭಾಗಕ್ಕೆ ಬಂದದ್ದು ಒಂದೇ ಅರ್ಜಿ, ಒಂದೇ ಸಿಡಿ. ಹತ್ತಿರದ ಕಲೂರಿನ ಚರ್ಚೊಂದರ ಪಕ್ಕದ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ಸೇರುತ್ತಿದ್ದ ಕನ್ನಡಿಗರ ತಂಡದ್ದು. ಮುಖ್ಯಸ್ಥೆ ಜೀವಿತಾ ಬೆಟಗೇರಿಯವಳು, ಇನ್ಫೋಪಾರ್ಕಿನಲ್ಲಿ ಕೆಲಸ. ಆ ಹೊತ್ತಿಗೆ ಹಾಲ್ ತಮಗೆ ಬೇಕೆಂದು ಅಲ್ಲಿನ ಮಲಯಾಳಿ ಯುವಕರ ಸಂಘ ಕೇಳುತ್ತಿತ್ತು. ಅಚ್ಚನ್, ಅಂದರೆ ಅಲ್ಲಿನ ಪಾದ್ರಿ, ಪ್ರಶಸ್ತಿ ತಂದರೆ ಹಾಲ್ ನಿಮ್ಮದೇ, ಇಲ್ಲದಿದ್ದರೆ ಬಿಡಬೇಕು ಎಂದಿದ್ದರು. ಕನ್ನಡದಲ್ಲಿ ಪ್ರಾರ್ಥನೆ ಮಾಡಲು ಆ ಜನಕ್ಕೆ ಊರಲ್ಲಿ ಬೇರೆ ಜಾಗವಿರಲಿಲ್ಲ.

ಇದನ್ನೆಲ್ಲ ಭಟ್ಟರಿಗೆ ಹೇಳಿದವನು ವಿನ್ಸೆಂಟನೇ. ಒಂದೇ ಅರ್ಜಿ ತಾನೇ ಎಂದು ಪ್ರಶಸ್ತಿ ಫಲಕದ ಮೇಲೆ ತಂಡದ ಹೆಸರನ್ನೂ ಕೆತ್ತಿಸಿಟ್ಟಿದ್ದ.

ಭಟ್ಟರು ಸಿಡಿ ಕೇಳಿದರು. ಚೆನ್ನಾಗಿತ್ತು. "ಇನ್ನು ಮೂಲ ನೋಡಬೇಕು" ಎಂದರು.

ಭಾನುವಾರ ನನ್ನನ್ನೂ ಕರೆದುಕೊಂಡು ಕಲೂರಿಗೆ ಹೋದರು. ಹಾಲ್‌ನಲ್ಲಿ ನರ್ಸುಗಳು, ರೈಲ್ವೆಯವರು, ಅಂಚೆ ಕಚೇರಿಯ ಹಾಲಪ್ಪ. ಜೀವಿತಾ ಕೈಯೆತ್ತಿದಳು, ಅದೇ ಹಾಡು ಶುರುವಾಯಿತು. ಹಾಲಪ್ಪನ ದಪ್ಪ ದನಿ ಎಲ್ಲರಿಗಿಂತ ಮೊದಲು ಹೊರಟು ಎಲ್ಲರಿಗಿಂತ ಕೊನೆಗೆ ಮುಟ್ಟಿತು. ಒಬ್ಬ ನರ್ಸ್ ಕಣ್ಣು ಮುಚ್ಚಿ ತನ್ನದೇ ತಾಳದಲ್ಲಿ ಹಾಡುತ್ತಿದ್ದಳು. ಭಟ್ಟರು ಅಲುಗದೆ ಕೂತಿದ್ದರು. ಮುಗಿದ ಮೇಲೆ, "ಇನ್ನೊಂದು ಸಲ ಹಾಡ್ತೀರಾ?" ಎಂದರು. ಹಾಡಿದರು.

"ಸಿಡಿಯಲ್ಲಿ ಇರುವುದು ನೀವಲ್ಲ" ಎಂದರು ಭಟ್ಟರು.

ಜೀವಿತಾ ಹೇಳಿದಳು, "ಮುಖ್ಯ ದನಿ ನಂದ ಐತ್ರಿ ಸರ್. ಕೋರಸ್ ಸ್ಟುಡಿಯೋದವರದು. ಇಲ್ಲಿ ಎಲ್ಲಾ ಸಿಡಿಗೂ ಅವರ ಮಂದೀನ ಹಾಡೋದು, ರೊಕ್ಕದಾಗ ಅದೂ ಸೇರೇತಿ ಅಂದ್ರು. ಮಲಯಾಳ ಅಕ್ಷರದಾಗ ಬರಕೊಂಡು ಹಾಡಿದ್ರು. ನಾವೆಲ್ಲಾ ಹೊರಗ ಕುಂತು ಚಾ ಕುಡದ್ವಿ."

"ನನಗ ಪಪ್ಸೂ ಕೊಟ್ರು" ಎಂದ ಹಾಲಪ್ಪ.

"ನೀ ಸುಮ್ನಿರೋ ಮಾರಾಯ!" ಎಂದು ಜೀವಿತಾ ಅವನನ್ನು ಗದರಿ ಭಟ್ಟರ ಕಡೆ ತಿರುಗಿದಳು. "ಸರ್, ಹಾಲ್ ಹೋದ್ರ ನಾವು ಎಲ್ಲಿ ಕೂಡೋಣ್ರಿ? ಮೋಸ ಮಾಡಬೇಕಂತ ಮಾಡಿಲ್ಲ."

"ಮೋಸ ಅಂತ ನಾನು ಹೇಳಲಿಲ್ಲ. ಪ್ರಶಸ್ತಿ ತಂಡಕ್ಕೆ. ತಂಡ ಸಿಡಿಯಲ್ಲಿ ಇಲ್ಲ. ಕೊಡ್ಲಿಕ್ಕೆ ಆಗುದಿಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ನಾನು, ಒಂದೇ ಅರ್ಜಿ ಅಲ್ಲವೇ ಸರ್, ಯಾರಿಗೆ ನಷ್ಟ ಎಂದೆ. ಅವರು ಕಿಟಕಿಯಿಂದ ಹೊರಗೆ ನೋಡುತ್ತಾ, "ಹಾಡು ಒಳ್ಳೆಯದಿತ್ತು. ಸಿಡಿಯದ್ದಲ್ಲ, ಇವರದ್ದು" ಎಂದರು.

ಸಮಾರಂಭಕ್ಕೆ ತಿರುವನಂತಪುರಕ್ಕೆ ನಾನೂ ಹೋಗಿದ್ದೆ. ಅಚ್ಚನ್ ಮುಂದಿನ ಸಾಲಿನಲ್ಲಿದ್ದರು. ಭಟ್ಟರು ಮನಸ್ಸು ಬದಲಿಸಿಯಾರು ಎಂದು ವಿನ್ಸೆಂಟ್ ಕೊನೆಯ ಗಳಿಗೆಯವರೆಗೂ ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ. ಕನ್ನಡ ವಿಭಾಗ ಬಂದಾಗ ಭಟ್ಟರು ಮೈಕಿನ ಮುಂದೆ ನಿಂತು, ಸಾಲದ ಅರ್ಜಿ ತಿರಸ್ಕರಿಸುವ ದನಿಯಲ್ಲೇ ಮಲಯಾಳದಲ್ಲಿ ಹೇಳಿದರು:

"ಈ ವರ್ಷ ಕನ್ನಡಕ್ಕೆ ಪ್ರಶಸ್ತಿ ಇಲ್ಲ. ಸಿಡಿಯ ಕೋರಸ್‌ನಲ್ಲಿ ಹಾಡಿದವರು ಕನ್ನಡ ತಂಡದವರಲ್ಲ. ಕನ್ನಡ ತಂಡ ಕಲೂರಿನ ಚರ್ಚ್ ಹಾಲ್‌ನಲ್ಲಿದೆ. ಭಾನುವಾರ ಮೂರು ಗಂಟೆಗೆ ಹಾಡುತ್ತಾರೆ. ನಾನು ಎರಡು ಸಲ ಕೇಳಿದೆ. ಅನುಮಾನ ಇರುವವರು ಹೋಗಿ ಕೇಳಬಹುದು."

ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಜನಕ್ಕೆ ತಿಳಿಯಲಿಲ್ಲ. ಅರ್ಧ ತಟ್ಟಿ ನಿಲ್ಲಿಸಿದರು.

ಅನುಮಾನ ಇರುವವರು ಬಹಳ ಮಂದಿ ಇದ್ದರು. ಮುಂದಿನ ಭಾನುವಾರ ಕಲೂರಿನ ಹಾಲ್‌ನಲ್ಲಿ ಕುರ್ಚಿ ಸಾಲಲಿಲ್ಲ. ಸ್ಟುಡಿಯೋದ ಕೋರಸ್‌ನವರೂ ಬಂದು ಹಿಂದೆ ನಿಂತಿದ್ದರಂತೆ. ಯುವಕರ ಸಂಘದವರೇ ಕುರ್ಚಿ ಹೊತ್ತು ತಂದರು. ದೂರದ ಪರವೂರಿನಿಂದಲೂ ಬಂದವರ ಎದುರು ಹಾಲ್‌ಗೆ ಬೀಗ ಹಾಕುವುದು ಅಚ್ಚನ್‌ಗೂ ಆಗಲಿಲ್ಲ. ಯುವಕರಿಗೆ ಐದು ಗಂಟೆಯ ಹೊತ್ತು ಕೊಟ್ಟರು.

ಸೋಮವಾರ ಜೀವಿತಾ ಬ್ಯಾಂಕಿಗೆ ಬಂದಳು. ಇನ್ನೂ ಸಿಟ್ಟಿತ್ತು.

"ಹಾಲ್ ಉಳೀತ್ರಿ ಸರ್."

"ಸಂತೋಷ. ಮುಂದಿನ ವರ್ಷ ಸ್ಟುಡಿಯೋ ಬೇಡ, ಅಲ್ಲೇ ಹಾಡಿ ರೆಕಾರ್ಡ್ ಮಾಡಿ."

"ಹಂಗ ಮಾಡಿದ್ರ ಕೊಡ್ತೀರೇನ್ರಿ, ಪ್ರಶಸ್ತಿ?"

"ಅದು ಕೇಳಿದ ಮೇಲೆ" ಎಂದು ಭಟ್ಟರು ಮುಂದಿನ ಕಡತ ತೆಗೆದುಕೊಂಡರು.