ಗಾಜಿನ ಕಪಾಟಿನ ಮಿಕ್ಸಿ

ಪೆರ್ಲದಲ್ಲಿ ನನ್ನ ತಮ್ಮ ಕಟ್ಟಿಸಿದ ಹೊಸ ಮನೆಗೆ ನಿನ್ನೆ ಹೋಗಿದ್ದೆ. ಚಾವಡಿಯ ನಡುವೆ, ಬಣ್ಣದ ದೀಪದಡಿ, ಅಮ್ಮನ ಅರೆಯುವ ಕಲ್ಲನ್ನು ಅಲಂಕಾರಕ್ಕೆ ಇಟ್ಟಿದ್ದಾನೆ. ನೋಡಿ ಮೈ ಉರಿದುಹೋಯಿತು.

ನಾನು ಚಿಕ್ಕವಳಿದ್ದಾಗ, ದುಬಾಯಿಯಲ್ಲಿದ್ದ ಮಾವ ಅಮ್ಮನಿಗೆಂದೇ ಮಿಕ್ಸಿ ತಂದುಕೊಟ್ಟಿದ್ದರು. ಅಪ್ಪ ಅದನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಬಂದವರಿಗೆಲ್ಲ ತೋರಿಸುವರು, ಅಮ್ಮನಿಗೆ ಮುಟ್ಟಲು ಬಿಡರು. ತೋಟಕ್ಕೆ ಪಂಪು ಬಂದ ದಿನವೇ ನೀರೆತ್ತುವ ಏತ ಮೂಲೆ ಸೇರಿತ್ತು. ಅಪ್ಪನ ಬೆನ್ನಿಗೆ ಸಿಕ್ಕ ಬಿಡುವು ಅಮ್ಮನ ತೋಳಿಗೆ ಸಿಗಲಿಲ್ಲ. ಅಡುಗೆಮನೆಯಲ್ಲಿ ಅಜ್ಜಿಯ ಅಜ್ಜಿ ಅರೆದ ಅದೇ ಕಲ್ಲು.

"ಮೆಷಿನಲ್ಲಿ ಅರೆದರೆ ಮೀನು ಸಾರಿಗೆ ರುಚಿ ಎಂತ ಉಂಟು?" ಎನ್ನುತ್ತಿದ್ದರು ಅಪ್ಪ.

ಅಮ್ಮ ಜ್ವರದಲ್ಲೂ ಒಂದು ಕೈಯಲ್ಲಿ ಗುಂಡು ತಿರುಗಿಸುತ್ತ, ಇನ್ನೊಂದರಲ್ಲಿ ಮಸಾಲೆ ದೂಡುತ್ತ ಕೂತಿರುತ್ತಿದ್ದಳು. ಮೆಣಸಿಗೆ ಉರಿಯುವ ಅಂಗೈಗೆ ಆಮೇಲೆ ತೆಂಗಿನೆಣ್ಣೆ ಸವರಿಕೊಳ್ಳುತ್ತಿದ್ದಳು. ಮಿಕ್ಸಿ ಕಪಾಟಿನೊಳಗೇ ತುಕ್ಕು ಹಿಡಿಯಿತು.

ನಿನ್ನೆ ತಮ್ಮ ಆ ಕಲ್ಲನ್ನು ತಟ್ಟುತ್ತ ನೆಂಟರಿಗೆ ಹೇಳುತ್ತಿದ್ದ: "ಇದರಲ್ಲಿ ಅರೆದ ಸಾರಿನ ರುಚಿ ಮಿಕ್ಸಿಗೆ ಎಲ್ಲಿ ಬರ್ತದೆ ಮಾರಾಯ್ರೆ!"

"ಕಲ್ಲು ಇಲ್ಲೇ ಉಂಟಲ್ಲ, ಕೂತು ಅರೆ," ಎಂದೆ.

ಅವನು ನಗುತ್ತ ಹೆಂಡತಿಯ ಮುಖ ನೋಡಿದ.