ದೇವಪ್ಪನ ಮೂರನೇ ಸಿಲಿಂಡರ್

ದೇವಪ್ಪ ಮೊಗೇರ ಮೊದಲ ಸಲ ಮುಟ್ಟಳ್ಳಿಗೆ ಬಂದ ದಿನ ಹೊನ್ನಮ್ಮ ಜಗಲಿಯ ಮೇಲೆ ಮಲ್ಲಿಗೆ ಕಟ್ಟುತ್ತ ಕೂತಿದ್ದಳು. ಹತ್ತೂವರೆಯ ಬಸ್ಸಿಗೆ ಹೂ ಭಟ್ಕಳ ಪೇಟೆಗೆ ಹೋಗಬೇಕು, ಮೊರದಲ್ಲಿ ಇನ್ನೂ ಅರ್ಧದಷ್ಟು ಮೊಗ್ಗು ಉಳಿದಿತ್ತು. ಬೈಕು ನಿಲ್ಲಿಸಿ ಅಂಗಳಕ್ಕೆ ಬಂದವನ ಉಗುರಿನ ಸಂದಿಯೆಲ್ಲ ಕಪ್ಪು, ಅಂಗಿಗೆ ಡೀಸೆಲ್ ವಾಸನೆ. ಪಕ್ಕದ ಮುಚ್ಚಿದ ಅಕ್ಕಿ ಗಿರಣಿಯ ಬೀಗದ ಕೈ ಅವಳ ಹತ್ತಿರ ಇರುವುದನ್ನು ಕೇಳಿಕೊಂಡು ಬಂದಿದ್ದ. ಗಿರಣಿಯ ಯಜಮಾನರು ಒಪ್ಪಿದ್ದಾರೆ ಎಂದ.

ಕೈಯಲ್ಲಿದ್ದ ಬಾಳೆನಾರಿಗೆ ಕೊನೆಯ ಗಂಟು ಬೀಳುವ ತನಕ ಹೊನ್ನಮ್ಮ ಏಳುವವಳಲ್ಲ. ಅವನು ಕಾದ. ಕಾಯುತ್ತ ಅವಳ ಕೈಯನ್ನೇ ನೋಡಿದ. ಅವಳ ಕಣ್ಣು ಮಾತ್ರ ಬೇಲಿಯ ಹತ್ತಿರ ಬಂದಿದ್ದ ಯಾರದೋ ಎಮ್ಮೆಯ ಮೇಲಿತ್ತು.

"ನೋಡದೇ ಕಟ್ತ್ರಲ್ಲ ಅಕ್ಕ, ತಪ್ಪೂದಿಲ್ವಾ?"

"ತಪ್ಪಿದ್ರೆ ಬೆರಳಿಗೆ ಗೊತ್ತಾತದೆ. ಗಿರಣಿ ಎಂತಕ್ಕೆ?"

"ವಿಮಾನ ಮಾಡೂಕೆ."

ಹೊನ್ನಮ್ಮ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಕುಡಿದವನ ಹಾಗೆ ಕಾಣಲಿಲ್ಲ.

"ಹಾರೂದಾ?"

"ಹಾರೂದೇ. ಒಬ್ಬರು ಕೂರೂ ಅಂಥದ್ದು."

"ಆ ಬಾಗಿಲಲ್ಲಿ ಹಿಡೀತದಾ?"

"ರೆಕ್ಕೆ ಬಿಚ್ಚಿ ಹೊರಗೆ ತರೂಕೆ ಬತ್ತದೆ."

"ಹಂಗಾದ್ರೆ ಆತು" ಎಂದು ಅವಳು ಒಳಗೆ ಹೋಗಿ ಬೀಗದ ಕೈ ತಂದುಕೊಟ್ಟಳು. ಅಷ್ಟು ವರ್ಷಗಳಲ್ಲಿ ಬಾಗಿಲಿನ ಅಳತೆ ಕೇಳಿದವರು ನೀವೊಬ್ಬರೇ, ಉಳಿದವರೆಲ್ಲ ತಲೆಯ ಅಳತೆ ಕೇಳಿದರು ಎಂದು ದೇವಪ್ಪ ಮುಂದೆ ಎಷ್ಟೋ ಸಲ ನಗಾಡುತ್ತಿದ್ದ.

ಅವನಿಗೆ ಆಗ ಅರವತ್ತೊಂದು. ಹದಿನಾಲ್ಕನೇ ವಯಸ್ಸಿಗೆ ಭಟ್ಕಳ ಬಂದರಿನಲ್ಲಿ ಬೋಟು ಹತ್ತಿದವನು, ಬಲೆ ಎಳೆಯುವುದಕ್ಕಿಂತ ಎಂಜಿನ್ನಿನ ಹತ್ತಿರ ಕೂರುವುದೇ ಹೆಚ್ಚಾಗಿ ಕೊನೆಗೆ ಮೆಕ್ಯಾನಿಕ್ಕೇ ಆದ. ಭಟ್ಕಳದಿಂದ ಹೊನ್ನಾವರದ ತನಕ ಯಾವ ಬೋಟು ಕೆಮ್ಮಿದರೂ ಅವನಿಗೆ ಕರೆ ಬರುತ್ತಿತ್ತು. ಒಮ್ಮೆ ಕಡಲಿನ ಮಧ್ಯೆ ಎಂಜಿನ್ ಕೆಟ್ಟು ನಿಂತಿದ್ದಾಗ ತಲೆಯ ಮೇಲೆ ಒಂದು ಸಣ್ಣ ವಿಮಾನ ಹೋಯಿತಂತೆ. ಜೊತೆಯವರು ಕೈ ಬೀಸಿದರು. ಇವನು ಕಿವಿ ಕೊಟ್ಟು, "ಅದರದ್ದೂ ಒಂದು ಸಿಲಿಂಡರ್ ಸರಿ ಇಲ್ಲ" ಎಂದನಂತೆ. ಆವತ್ತಿನಿಂದ ಹತ್ತಿದ ಹುಚ್ಚು. ಹೊನ್ನಾವರದಲ್ಲಿ ಟೀಚರ್ ಆಗಿರುವ ಮಗಳು ಕಲ್ಪನಾ ಪುಸ್ತಕ ತರಿಸಿ, ಓದಿ ಅರ್ಥ ಹೇಳಿದಳು. ಹೆಂಡತಿ ತೀರಿಕೊಂಡ ಮೇಲೆ ಅವನು ವರ್ಷಕ್ಕೆ ನಾಲ್ಕೈದು ಸಲ ಘಟ್ಟದ ಮೇಲಿನ ಒಂದು ಮೈದಾನಕ್ಕೆ ಹೋಗಿ ಹಾರಿಸುವುದನ್ನೂ ಕಲಿತ. ಅಲ್ಲಿ ಕಲಿಸುವವರು ಕುಮಟೆಯ ಸುದರ್ಶನ ಎಂಬವರು, ವಾಯುಸೇನೆಯಿಂದ ನಿವೃತ್ತರಾದವರು.

ಎರಡು ವರ್ಷದಲ್ಲಿ ಗಿರಣಿಯೊಳಗೆ ವಿಮಾನ ಎದ್ದು ನಿಂತಿತು. ಬೋಟಿನ ಮೈಗೆ ಹಾಕುವ ಫೈಬರನ್ನೇ ಅಚ್ಚಿಗೆ ಹಾಕಿ ಮೂಗು ಮಾಡಿದ್ದ. ಆ ಮೂಗಿಗೆ ಕೌಲಿಂಗ್ ಎನ್ನುತ್ತಾರೆ, ಎಂಜಿನ್ನಿನ ಮೇಲೆ ಮುಚ್ಚುವ ಗೂಡು ಅದು. ಮುಂದೆ ಎರಡು ಬಾಯಿ, ಕೆಳಗೆ ಹಿಂಬದಿಯಲ್ಲಿ ಒಂದು. ಮುಂದಿನಿಂದ ನುಗ್ಗಿದ ಗಾಳಿ ನಾಲ್ಕು ಸಿಲಿಂಡರುಗಳ ಮೈ ಸವರಿ, ಬಿಸಿಯನ್ನು ಹೊತ್ತುಕೊಂಡು ಕೆಳಗಿನ ಬಾಯಿಯಿಂದ ಹೊರಬೀಳಬೇಕು. ಇದಿಷ್ಟನ್ನೂ ದೇವಪ್ಪ ಹೊನ್ನಮ್ಮನಿಗೆ ಎಂಜಿನ್ ಓಡಿಸತೊಡಗಿದ ಮೊದಲ ವಾರವೇ ಹೇಳಿಕೊಟ್ಟಿದ್ದ, ಯಾಕೆಂದರೆ ಅಂಕಿ ಬರೆಯುವ ಕೆಲಸವನ್ನು ಅವಳಿಗೆ ವಹಿಸಿದ್ದ.

ಹೊನ್ನಮ್ಮ ಓದಿದ್ದು ಎರಡನೇ ಇಯತ್ತೆ. ಅಕ್ಷರ ಕೂಡಿಸಲು ಹೊತ್ತು ಬೇಕು, ಅಂಕಿ ಮಾತ್ರ ಸಲೀಸು. ವಿಮಾನದ ಬಾಲವನ್ನು ಗಿರಣಿಯ ಹಿಂದಿನ ತೆಂಗಿನಮರಕ್ಕೆ ಬೋಟಿನ ಹಗ್ಗದಿಂದ ಬಿಗಿದು, ಅವನು ಒಳಗೆ ಕೂತು ಎಂಜಿನ್ ಓಡಿಸುತ್ತಿದ್ದ. ಅವಳು ಮೂಗಿನ ಮುಂದೆ ತಿರುಗುವ ಪಂಖದಿಂದ ದೂರ, ಗಿರಣಿಯ ಕಿಟಕಿಯ ಪಕ್ಕ, ಕಿವಿಗೆ ಹತ್ತಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಎದುರಿನ ಹಲಗೆಯ ಮೇಲೆ ಬಿಸಿ ತೋರಿಸುವ ನಾಲ್ಕು ಮೀಟರು, ಒಂದೊಂದು ಸಿಲಿಂಡರಿಗೆ ಒಂದೊಂದು. ನಿಮಿಷಕ್ಕೊಮ್ಮೆ ನಾಲ್ಕು ಮುಳ್ಳು ಎಲ್ಲಿವೆಯೋ ನೋಡಿ ಪಟ್ಟಿಯಲ್ಲಿ ಬರೆಯಬೇಕು. ಇನ್ನೂರ ಮೂವತ್ತು ಡಿಗ್ರಿ ದಾಟಬಾರದು. ಒಂದು, ಎರಡು, ನಾಲ್ಕು ದಾಟುತ್ತಿರಲಿಲ್ಲ. ಹಿಂಬದಿಯಲ್ಲಿದ್ದ ಮೂರನೆಯದು ಹತ್ತನೇ ನಿಮಿಷಕ್ಕೆ ಇನ್ನೂರ ಐವತ್ತು ಮುಟ್ಟುತ್ತಿತ್ತು.

"ಬಾಯಿ ಸಣ್ಣಾತು" ಎಂದು ದೇವಪ್ಪ ಮುಂದಿನ ಬಾಯಿಯನ್ನು ಕೊರೆದು ದೊಡ್ಡದು ಮಾಡಿದ. ಮೂರನೆಯದು ಇಳಿಯಲಿಲ್ಲ. ಮತ್ತೆ ಕೊರೆದ. ಬೋಟಿನ ಎಂಜಿನ್ ಬಿಸಿಯಾದರೆ ಕಡಲಿನ ನೀರು ಒಳಗೆ ಬರುವ ದಾರಿ ಕಟ್ಟಿದೆ ಎಂದೇ ಅರ್ಥ, ಆ ದಾರಿ ಬಿಡಿಸಿದರೆ ಎಂಜಿನ್ ತಣಿಯುತ್ತದೆ. ನಲವತ್ತು ವರ್ಷ ಅವನ ಕೈ ಹಾಗೆಯೇ ಕಲಿತಿತ್ತು. ಮೂರನೇ ಸಲ ಕೊರೆದ ಮೇಲೆ ಮೂಗು ಆಕಳಿಸುವ ನಾಯಿಯ ಹಾಗೆ ಕಾಣುತ್ತಿತ್ತು. ಮುಳ್ಳು ಇನ್ನೂರ ಐವತ್ತೆರಡು.

ವಿಮಾನದೊಳಗೆ ಇರಬೇಕಾದ ಮೀಟರುಗಳನ್ನು ಹೊರಗಿನ ಹಲಗೆಗೆ ಯಾಕೆ ತಂದಿರಿ ಎಂದು ಅವಳು ಮೊದಲೇ ಕೇಳಿದ್ದಳು. ಬಿಸಿಲಿಗೆ ಗಾಜು ಹೊಳೆಯುತ್ತದೆ ಎಂದಿದ್ದ. ಅವಳು ನಂಬಿದ್ದಳು. ಆದರೆ ಪಕ್ಕದಲ್ಲಿ ಇಟ್ಟ ಚಹಾದ ಗಾಜಿನ ಲೋಟ ಎರಡು ಸಲ ಅವನ ಮೊಣಕೈಗೆ ತಗುಲಿ ಬಿತ್ತು. ಎದುರಿಗಿದ್ದ ಸ್ಪ್ಯಾನರನ್ನು ಸಲೀಸಾಗಿ ಹೆಕ್ಕುವವನು, ಬದಿಗಿದ್ದದ್ದನ್ನು ತಡವರಿಸಿ ಹುಡುಕುತ್ತಿದ್ದ. ಮೂರನೇ ಸಲ ಲೋಟ ಬಿದ್ದಾಗ ಅವಳು ಚೂರು ಆಯುತ್ತಲೇ ಕೇಳಿದಳು.

"ಬದಿ ಕಾಣೂದಿಲ್ಲ ಅಲ್ದಾ ದೇವಪ್ಪಣ್ಣ?"

ಅವನು ಸುಳ್ಳು ಹೇಳಲಿಲ್ಲ. ಕಣ್ಣಿನೊಳಗಿನ ಒತ್ತಡಕ್ಕೆ ನರ ಒಣಗುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಬದಿಯಿಂದ ಕಪ್ಪು ಬರುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ, ಔಷಧಿ ನಿಲ್ಲಿಸಿದರೆ ಉಳಿದದ್ದೂ ಬೇಗ ಹೋಗುತ್ತದೆ ಅಷ್ಟೆ.

"ಕಲ್ಪನಾಗೆ ಗೊತ್ತದೆಯಾ?"

"ಕಣ್ಣಿಗೆ ಔಷಧಿ ಹಾಕೂದು ಗೊತ್ತು. ಎಷ್ಟು ಹೋಗ್ಯದೆ ಅಂತ ಗೊತ್ತಿಲ್ಲ." ಕೈ ಒರೆಸಿಕೊಳ್ಳುತ್ತ ಹೇಳಿದ. "ಯುಗಾದಿ ಕಳೆದ ಮೇಲೆ ಹಾರಿಸೂ ಪರವಾನಗಿಗೆ ಕಣ್ಣಿನ ಪರೀಕ್ಷೆ ಅದೆ. ಅದರೊಳಗೆ ಒಂದು ಸಲ ನನ್ನ ಕೈಯಲ್ಲೇ ಎಬ್ಬಿಸ್ಬೇಕು ಅಕ್ಕ. ಒಂದೇ ಸಲ. ಈ ಮೂರನೇದು ಬಿಡೂದಿಲ್ಲ."

ಅವತ್ತಿನಿಂದ ಹೊನ್ನಮ್ಮ ಚಹಾ ತಂದರೆ ಅವನ ಕೈಗೇ ಕೊಡತೊಡಗಿದಳು.

ಪುಷ್ಯ ಮಾಸದ ಕೊನೆಯಲ್ಲಿ ಸುದರ್ಶನರು ಬಂದು ಎಂಜಿನ್ ನೋಡುವುದೆಂದಾಯಿತು. ಬಿಸಿಯ ಪಟ್ಟಿ ಸರಿಯಿದ್ದರೆ ಮಾತ್ರ ವಿಮಾನವನ್ನು ಮೈದಾನಕ್ಕೆ ತರಬಹುದು. ಹಿಂದಿನ ದಿನದ ಓಟದಲ್ಲೂ ಮೂರನೆಯದು ಅದೇ ಇನ್ನೂರ ಐವತ್ತೆರಡು. ದೇವಪ್ಪ ಎಂಜಿನ್ ನಿಲ್ಲಿಸಿ ಬಂದು ಅವಳ ಅಂಕಿ ಪುಸ್ತಕದ ಮೇಲೆ ಬಗ್ಗಿದ.

"ಎರಡೂ ಐದೂ ಎರಡು ಅಂತ ಬರ್ದದ್ದನ್ನ ಎರಡೂ ಎರಡೂ ಐದು ಮಾಡಿ ಅಕ್ಕ. ಅದೇ ಅಂಕಿ, ಜಾಗ ಬೇರೆ ಅಷ್ಟೆ. ಮ್ಯಾಲೆ ಹೋದ್ರೆ ಗಾಳಿ ಜೋರು, ತನ್ನಷ್ಟಕ್ಕೇ ತಣಿತದೆ."

"ನೀವೇ ಬರ್ದುಕೊಳ್ಳಿ."

"ನನ್ನ ಅಕ್ಷರ ಬೇರೆ ಕಾಣ್ತದೆ."

ಹೊನ್ನಮ್ಮ ಪೆನ್ಸಿಲನ್ನು ಪುಸ್ತಕದೊಳಗೆ ಇಟ್ಟು ಮುಚ್ಚಿದಳು. "ನಂಗೆ ಬರೆಯೂಕೆ ಬರೂದೇ ಹತ್ತು ಅಂಕಿ ದೇವಪ್ಪಣ್ಣ. ಅದನ್ನೂ ಸುಳ್ಳು ಮಾಡಿದ್ರೆ ಉಳಿಯೂದೆಂತ? ಮ್ಯಾಲೆ ಹೋದ ಮೇಲೆ ಅದು ತಣೀದಿದ್ರೆ, ಅಲ್ಲಿ ಮುಳ್ಳು ನೋಡಿ ಬರೆಯೂಕೆ ನಾ ಇಲ್ಲ."

"ನಿಮಗೆಂತ ಗೊತ್ತು ಎಂಜಿನ್ ಸಂಗತಿ? ಹೋಗಿ, ಹೂ ಕಟ್ಟಿ ಹೋಗಿ."

ಅವಳು ಹೋದಳು. ಆ ಸಂಜೆ ಗಿರಣಿಯಿಂದ ಸದ್ದು ಬರಲಿಲ್ಲ. ಮಾರನೇ ದಿನ ಬೆಳಿಗ್ಗೆ ಅವಳ ಕೈ ಎಂದಿನಂತೆ ಹೂ ಕಟ್ಟುತ್ತಿತ್ತು, ಆದರೆ ಎರಡು ಸಲ ಗಂಟು ತಪ್ಪಿತು. ಬೆರಳಿಗೆ ಗೊತ್ತಾಗಿ ಬಿಚ್ಚಿ ಕಟ್ಟಿದಳು. ಒಂಬತ್ತರ ಹೊತ್ತಿಗೆ ಗಿರಣಿಯ ಮುಂದೆ ಜೀಪು ನಿಂತಿತು. ಸ್ವಲ್ಪ ಹೊತ್ತಿಗೆ ದೇವಪ್ಪ ಬೇಲಿಯ ಹತ್ತಿರ ಬಂದು ನಿಂತ.

"ಅಕ್ಕ, ಬರ್ತ್ರಾ? ಸುದರ್ಶನ ಸರ್ ಕರೀತ್ರು. ಪುಸ್ತಕ ತೋರ್ಸ್ದೆ. ನೀವು ಬರ್ದ ಹಂಗೇ ಅದೆ."

ಸುದರ್ಶನರು ಎತ್ತರದ ಮನುಷ್ಯ, ಮಾತು ಕಡಿಮೆ. ಪುಟ ಮಗುಚಿ ನೋಡಿದವರು, "ಇದನ್ನು ಯಾರು ಬರೆದರೋ ಅವರೇ ನನಗೆ ಬೇಕು" ಎಂದರಂತೆ. ಕೌಲಿಂಗಿನ ಬಾಯಿಗಳ ಸುತ್ತ ನಾಲ್ಕು ಬೆರಳಿಗೊಂದು ಕೆಂಪು ಉಣ್ಣೆಯ ಎಳೆ ಅಂಟಿಸಬೇಕು, ಎಂಜಿನ್ ಓಡುವಾಗ ಯಾವ ಎಳೆ ಯಾವ ಕಡೆ ನೋಡುತ್ತದೆಂದು ದೂರದಿಂದ ನೋಡಿ ಹೇಳಬೇಕು. ಗಾಳಿ ಕಣ್ಣಿಗೆ ಕಾಣುವುದಿಲ್ಲ, ನೂಲು ಕಾಣುತ್ತದೆ ಎಂದರು.

ಹೊನ್ನಮ್ಮ ಇಪ್ಪತ್ತೆರಡು ಎಳೆ ಅಂಟಿಸಿದಳು. ಎಲ್ಲದರ ಉದ್ದ ಅವಳ ನಡುಬೆರಳಿನಷ್ಟು, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಹತ್ತಿರದ ಅಕ್ಷರ ಮಸುಕಾದರೂ ಅವಳಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ. ಎಂಜಿನ್ ನಿಂತ ಮೇಲೆ ಅವಳು ಹೇಳಿದಳು.

"ಮುಂದಿನ ಬಾಯಿಯಲ್ಲಿ ಮ್ಯಾಲಿನ ಎಳೆ ಎಲ್ಲ ಒಳಗೆ ಹೋಗ್ತದೆ. ಕೆಳ ಅಂಚಿನ ನಾಲ್ಕು ಹೊರಗೆ ನೋಡ್ತದೆ. ಒಳಗೆ ಹೋದದ್ದನ್ನ ಬಾಯಿ ತಿರುಗಿ ಉಗುಳ್ತದೆ."

"ಹಿಂದಿನ ಬಾಯಿ?" ಸುದರ್ಶನರು ಕೇಳಿದರು.

"ಅಲ್ಲಿಯದ್ದು ಸುಮ್ಮನೆ ಜೋತು ಬಿದ್ದದೆ. ಒಂದೂ ಅಲ್ಲಾಡಲಿಲ್ಲ."

"ತಲೆಕೆಳಗೆ ಅಂಟಿಸಿದ್ರೇನೋ" ಎಂದ ದೇವಪ್ಪ.

ಅವಳು ಆ ನಾಲ್ಕನ್ನೂ ಹಿಂದಿನ ಬಾಯಿಯವನ್ನೂ ಕಿತ್ತು ಹೊಸ ಎಳೆ ಅಂಟಿಸಿದಳು. ಮತ್ತೆ ಓಡಿಸಿದರು. ಮತ್ತೆ ಅದೇ ಹೇಳಿದಳು. ದೇವಪ್ಪ ಕೆಳಗಿಳಿದು ಬಂದು ಮೂಗಿನ ಅಡಿಯಲ್ಲಿ ಮಲಗಿ, ಆ ಹಿಂದಿನ ಬಾಯಿಯ ಅಂಚನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. ಅದು ಮೂರು ಬೆರಳು ಅಗಲ ಮಾತ್ರ ಇತ್ತು.

"ಬೋಟಿನಲ್ಲಿ ಪಂಪು ತಳ್ತದೆ" ಎಂದ ಕೊನೆಗೆ, ಮಲಗಿದಲ್ಲಿಂದಲೇ. "ಇಲ್ಲಿ ಪಂಪೇ ಇಲ್ಲ. ಹೊರಗೆ ಹೋಗೂಕೆ ದಾರಿ ಕೊಡದೇ, ಬಾ ಬಾ ಅಂತ ಮೂರು ಸಲ ಬಾಯಿ ಕೊರ್ದೆ. ಪುಸ್ತಕದಲ್ಲಿ ಇತ್ತು. ಕಲ್ಪನಾ ಓದಿ ಹೇಳಿದ್ಲು. ಈ ಕೈ ಕೇಳಲಿಲ್ಲ."

ಮುಂದಿನ ನಾಲ್ಕು ವಾರ ಅವರು ಬೇರೆ ಕೆಲಸ ಮಾಡಲಿಲ್ಲ. ಮುಂದಿನ ಬಾಯಿಗಳನ್ನು ಫೈಬರ್ ಹಾಕಿ ಮೊದಲಿನ ಅಳತೆಗೆ ತಂದರು. ಕೆಳಗಿನ ಬಾಯಿಯನ್ನು ಅಗಲ ಮಾಡಿ, ಅದರ ಮುಂದಿನ ಅಂಚಿಗೆ ಕೆಳಗೆ ಬಾಗಿದ ತುಟಿಯೊಂದನ್ನು ಕೂರಿಸಿದರು. ಹೊರಗೆ ಹರಿಯುವ ಗಾಳಿ ಆ ತುಟಿ ದಾಟುವಾಗ ಒಳಗಿನ ಬಿಸಿಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಇನ್ನೊಂದು ದೋಷವೂ ಸಿಕ್ಕಿತು. ಗಾಳಿಯನ್ನು ಸಿಲಿಂಡರಿನ ಮೇಲೆ ಹಾಯಿಸಲು ಇಟ್ಟ ತಗಡಿನ ಅಡ್ಡಗೋಡೆಗೂ ಕೌಲಿಂಗಿಗೂ ನಡುವೆ ಮೂರನೆಯದರ ಹತ್ತಿರ ಬೆರಳು ತೂರುವಷ್ಟು ಸಂದಿಯಿತ್ತು, ಬಂದ ಗಾಳಿ ಅಲ್ಲಿಂದಲೇ ಸೋರುತ್ತಿತ್ತು. ಲಾರಿಯ ಹಳೇ ಟ್ಯೂಬು ಕತ್ತರಿಸಿ ತಗಡಿನ ಅಂಚಿಗೆ ಸುತ್ತಲೂ ಹೊಲಿಯಬೇಕಾಯಿತು. ಹೊನ್ನಮ್ಮ ಬಲೆಯ ದಾರದಲ್ಲಿ ಹೊಲಿದಳು, ಇನ್ನೂರ ಹದಿನಾರು ಹೊಲಿಗೆ. ದೇವಪ್ಪ ಒಂದೊಂದನ್ನೂ ಬೆರಳಾಡಿಸಿ ನೋಡಿದ. ಒಂದು ಕಡೆ ಮಾತ್ರ ನಿಂತು, "ಇದು ಸಡಿಲ" ಎಂದ. ಸಡಿಲವೇ ಆಗಿತ್ತು. ಕಣ್ಣಿಟ್ಟು ನೋಡಿದರೂ ಅವಳಿಗೆ ಕಂಡಿರಲಿಲ್ಲ. ಬಿಚ್ಚಿ ಮತ್ತೆ ಹೊಲಿದಳು.

ಶಿವರಾತ್ರಿಯ ಮರುದಿನ ಓಡಿಸಿದರು. ಇಪ್ಪತ್ತು ನಿಮಿಷ. ಮೂರನೆಯದು ಇನ್ನೂರ ಎಂಟು.

ಅವಳು ಅದನ್ನು ಎರಡು ಸಲ ಓದಿ ಹೇಳಿದಳು. ದೇವಪ್ಪ ಎಂಜಿನ್ ನಿಲ್ಲಿಸಿ, ಇಳಿದು, ಕೌಲಿಂಗಿನ ಮೇಲೆ ಅಂಗೈ ಇಟ್ಟುಕೊಂಡು ನಿಂತ.

ಆದರೆ ಅವನು ಲೆಕ್ಕ ಹಾಕಿದ್ದ ದಿನಗಳು ಆ ಕೊರೆತದಲ್ಲೇ ಮುಗಿದಿದ್ದವು, ಉಳಿದ ಒಂದು ತಿಂಗಳು ವಿಮಾನದ ಕಾಗದಪತ್ರ ಕೈಗೆ ಬರುವುದಕ್ಕೇ ಹೋಯಿತು. ಯುಗಾದಿ ಕಳೆದು ವಾರಕ್ಕೆ ಪರೀಕ್ಷೆಗೆ ಹೋದಾಗ ಕಲ್ಪನಾ ಜೊತೆಗಿದ್ದಳು. ಎದುರಿನ ಅಕ್ಷರಗಳನ್ನೆಲ್ಲ ಓದಿದನಂತೆ. ಬದಿಯಲ್ಲಿ ಬೆಳಗಿದ ದೀಪಗಳಲ್ಲಿ ಅರ್ಧಕ್ಕರ್ಧ ಕಾಣಲಿಲ್ಲವಂತೆ, ಪರವಾನಗಿ ಸಿಗಲಿಲ್ಲ. ಇಷ್ಟನ್ನು ಮುಚ್ಚಿಟ್ಟದ್ದಕ್ಕೆ ಮಗಳು ಬಸ್ಸಿನಲ್ಲಿ ಅಪ್ಪನ ಹತ್ತಿರ ಮಾತು ಬಿಟ್ಟು ಬಂದಳು, ಮಂಕಿ ಊರು ದಾಟಿದ ಮೇಲೆ ಅವನ ಕೈ ಹಿಡಿದುಕೊಂಡಳು. ಇದನ್ನು ಅವಳೇ ಹೊನ್ನಮ್ಮನಿಗೆ ಹೇಳಿದ್ದು.

ವಿಮಾನವನ್ನು ಸುದರ್ಶನರೇ ಹಾರಿಸುವುದೆಂದಾಯಿತು. ರೆಕ್ಕೆ ಬಿಚ್ಚಿ ಲಾರಿಗೆ ಹಾಕಿ ಘಟ್ಟ ಹತ್ತಿಸಿದರು. ಹೊನ್ನಮ್ಮನೂ ಹೋದಳು, ಹೂವಿನ ಕೆಲಸವನ್ನು ಎರಡು ದಿನ ನಾದಿನಿಗೆ ಒಪ್ಪಿಸಿ. ಮೈದಾನದ ಬೇಲಿಯ ಹತ್ತಿರ ಕಲ್ಪನಾ ಒಂದು ಬದಿ, ಇವಳು ಒಂದು ಬದಿ, ನಡುವೆ ದೇವಪ್ಪ. ಎಂಜಿನ್ನಿನ ಸದ್ದು ದೂರ ಹೋಗಿ, ತಿರುಗಿ ಹತ್ತಿರ ಬಂತು.

"ಎದ್ತಾ?" ದೇವಪ್ಪ ಕೇಳಿದ.

"ಎದ್ತು" ಎಂದಳು ಹೊನ್ನಮ್ಮ.

"ಎಷ್ಟು?"

"ಒಂದು ತೆಂಗಿನಮರದಷ್ಟು. ಈಗ ಎರಡು. ಈಗ ಮೂರಾತು. ಇನ್ನು ಮರದ ಲೆಕ್ಕ ಸಿಗೂದಿಲ್ಲ, ಅಷ್ಟು ಎತ್ತರ."

ಎದುರಿನಷ್ಟೇ ಕಾಣುವ ಕಣ್ಣಿಗೆ ಓಡುವ ವಿಮಾನ ಸಿಕ್ಕುವುದಿಲ್ಲವೆಂದು ಅವನು ಕತ್ತೆತ್ತಲೇ ಇಲ್ಲ. ಕಿವಿಯನ್ನು ಮಾತ್ರ ಸದ್ದಿನ ಹಿಂದೆ ತಿರುಗಿಸುತ್ತ, "ನಾಲ್ಕೂ ಸರಿ ಹೊಡೀತಾ ಅದೆ" ಎಂದ. ಸುದರ್ಶನರು ಇಳಿದು ಬಂದು ಮೊಣಕಾಲಿಗೆ ಕಟ್ಟಿದ ಕಾಗದದಲ್ಲಿ ಬರೆದುಕೊಂಡಿದ್ದ ಅಂಕಿ ಓದಿದರು. ಮೂರನೆಯದು ಇನ್ನೂರ ಒಂದು. "ದೇವಪ್ಪ, ತಣ್ಣಗಿದೆ ನಿಮ್ಮ ಎಂಜಿನ್" ಎಂದರು. ದೇವಪ್ಪ ತಲೆಯಾಡಿಸಿ, ಹೋಗಿ ಕೌಲಿಂಗನ್ನು ಮುಟ್ಟಿ ನೋಡಿ ಬಂದ.

ವಿಮಾನ ಮೈದಾನದಲ್ಲೇ ಉಳಿಯಿತು. ಗಿರಣಿಯ ಬೀಗದ ಕೈ ಕೊಡಲು ದೇವಪ್ಪ ನಾಲ್ಕು ದಿನ ಬಿಟ್ಟು ಬಂದ, ಬೈಕಿನಲ್ಲಲ್ಲ, ಬಸ್ಸಿನಲ್ಲಿ. ಹೊನ್ನಮ್ಮ ಜಗಲಿಯ ಮೇಲೆ ಹೂ ಕಟ್ಟುತ್ತಿದ್ದಳು. ಅವನು ಕಂಬ ಹಿಡಿದು ಮೆಟ್ಟಿಲು ಹತ್ತಿ ಪಕ್ಕದಲ್ಲಿ ಕೂತ. ಬೀಗದ ಕೈಯನ್ನು ಅವಳ ಕೈಗೇ ಕೊಟ್ಟ. ಬೋಟಿನವರು ಈಗಲೂ ಕರೆಯುತ್ತಾರೆ, ಕಿವಿಯಲ್ಲಿ ಕೇಳಿ ದೋಷ ಹೇಳಿದರೆ ಬೇರೆಯವರು ಬಿಚ್ಚುತ್ತಾರೆ ಎಂದ. ಅದೂ ಎಷ್ಟು ದಿನವೋ ಎಂದ. ಆಮೇಲೆ ನೆನೆದ ಬಾಳೆನಾರಿನ ಕಟ್ಟಿನಿಂದ ಒಂದನ್ನು ಎಳೆದುಕೊಂಡು ಬೆರಳಿನ ನಡುವೆ ಹೊಸೆದ, ಎಳೆಯ ಗಟ್ಟಿ ನೋಡುವವನ ಹಾಗೆ. ಮೊರದ ಕಡೆ ಕೈ ಚಾಚಿದಾಗ ತಪ್ಪಿ ನೆಲ ಮುಟ್ಟಿತು. ಅವಳು ಮೊರವನ್ನು ಅವನ ಮೊಣಕಾಲಿನ ತನಕ ಸರಿಸಿದಳು. ಅವನು ನಾಲ್ಕು ಮೊಗ್ಗು ತೆಗೆದುಕೊಂಡು, ಎರಡರ ತಲೆ ಈ ಕಡೆ ಎರಡರ ತಲೆ ಆ ಕಡೆ ಇಟ್ಟು, ಅವಳತ್ತ ತಿರುಗದೆಯೇ ಕೇಳಿದ.

"ಅಕ್ಕ, ಈಗ ನಾರು ಯಾವ ಕಡೆಯಿಂದ ಸುತ್ತೂದು?"