ಏರಿನಲ್ಲಿ ಜಾರುವ ಗೇರು

ಏರಿನ ಅರ್ಧಕ್ಕೆ ಬಂದಾಗ ಕಾರು ಕೂಗಿತು, ಹೋಗಲಿಲ್ಲ. ಎಂಜಿನ್ನಿನ ಸದ್ದು ಮೇಲೇರಿತು, ಚಕ್ರಗಳು ಇದ್ದಲ್ಲೇ ಉಳಿದವು. ಆಮೇಲೆ ಇಡೀ ಕಾರು, ಸಭೆಯಿಂದ ಯಾರಿಗೂ ಹೇಳದೆ ಎದ್ದುಹೋಗುವವನ ಹಾಗೆ, ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು. ಎಡಗಡೆ ಮೊಣಕಾಲೆತ್ತರದ ಗೋಡೆ. ಅದರಾಚೆ ಹಳೆಯ ಕಲ್ಲುಕ್ವಾರಿಯ ಹೊಂಡ, ತಳದಲ್ಲಿ ಹಸಿರು ನೀರು. ಸ್ಟಿಯರಿಂಗ್ ಹಿಡಿದಿದ್ದ ಬೀಗದಣ್ಣ ಬ್ರೇಕು ತುಳಿದ, ಹ್ಯಾಂಡ್‌ಬ್ರೇಕು ಎಳೆದ, ಉಸಿರು ಬಿಡುವುದನ್ನು ಮಾತ್ರ ಮರೆತ.

"ಏನಾಯ್ತೋ?" ಎಂದಳು ಹಿಂದಿನ ಸೀಟಿನಲ್ಲಿ ಮಲಗಿದ್ದ ಅಕ್ಕ.

"ಏನಿಲ್ಲಕ್ಕ. ಗೇರು ತಾನೇ ಬದಲಾಯಿಸ್ಕೊಳ್ಳೋ ಕಾರಲ್ವಾ, ಸ್ವಲ್ಪ ಯೋಚನೆ ಮಾಡುತ್ತೆ."

"ಯೋಚನೆ ಮಾಡೋಕೆ ಒಳ್ಳೇ ಜಾಗ ಹುಡುಕ್ಕೊಂಡಿದೆ," ಎಂದು ಅಕ್ಕ ಕಣ್ಣು ಮುಚ್ಚಿದಳು.

ಹ್ಯಾಂಡ್‌ಬ್ರೇಕು ಬಿಟ್ಟು ಮತ್ತೆ ಒತ್ತಿದಾಗ ಧಡಕ್ಕನೆ ಗೇರು ಹಿಡಿಯಿತು. ಕಾರು ಕುಂಟುತ್ತ ಮೇಲೆ ಹತ್ತಿ ಆಸ್ಪತ್ರೆಯ ಗೇಟು ಸೇರಿತು. ಅಕ್ಕನ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ದಿನ ಬಿಟ್ಟು ದಿನ ಇಲ್ಲಿ ಯಂತ್ರಕ್ಕೆ ಮೈಯೊಡ್ಡಿ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕು. ಒಮ್ಮೆ ಒಂದು ಸರದಿ ತಪ್ಪಿತ್ತು. ಮಾರನೆಯ ದಿನ ಅವಳ ಎದೆಯಿಂದ ಬಂದ ಸದ್ದು, ನೀರು ತುಂಬಿದ ಹುಕ್ಕಾದ ಹಾಗಿನ ಗುಳುಗುಳು, ಬೀಗದಣ್ಣನ ಕಿವಿಯಿಂದ ಇನ್ನೂ ಇಳಿದಿರಲಿಲ್ಲ. ಬಾಡಿಗೆ ಕಾರಿನವರು ಮೊದಮೊದಲು ಬರುತ್ತಿದ್ದರು; ಅಕ್ಕ ಒಂದು ಸೀಟಿನ ಮೇಲೆ ವಾಂತಿ ಮಾಡಿಕೊಂಡ ಮೇಲೆ ಅವರ ಫೋನುಗಳೆಲ್ಲ ಒಟ್ಟಿಗೇ ಕೆಟ್ಟವು. ಉಳಿದದ್ದು ಈ ಕಾರು, ಈ ತಮ್ಮ.

ತಮ್ಮನೆಂದರೆ ಬೀಗ ರಿಪೇರಿಯವನು, ಅದಕ್ಕೇ ಊರಿಗೆಲ್ಲ ಬೀಗದಣ್ಣ. ಬೀದಿಯ ತಿರುವಿನಲ್ಲಿ ಒಬ್ಬನೇ ಕೂರುವಷ್ಟು ಅಂಗಡಿ. ಗಿರಾಕಿ ಒಳಗೆ ಬಂದರೆ ಮಾಲೀಕ ಹೊರಗೆ ಹೋಗಬೇಕು. ಏಣಿಯಿಂದ ಬಿದ್ದಂದಿನಿಂದ ಎಡಗಾಲು ಮಡಚುವುದಿಲ್ಲ. ಕ್ಲಚ್ಚು ತುಳಿಯಲಾಗದವನಿಗೆ ಕ್ಲಚ್ಚಿಲ್ಲದ ಕಾರೇ ಗತಿ ಎಂದು ಈ ಮುದಿ ಆಟೋಮ್ಯಾಟಿಕ್ಕನ್ನು ಕೊಂಡಿದ್ದ. ಅಂದು ಮಾರುವವನು ಬಣ್ಣ ಹೊಗಳಿದ, ಇವನು ಬಾಗಿಲ ಬೀಗಗಳನ್ನು ಪರೀಕ್ಷಿಸಿದ. ಪ್ರತಿಯೊಬ್ಬನೂ ತನಗೆ ಗೊತ್ತಿದ್ದುದನ್ನೇ ನೋಡುತ್ತಾನೆ. ಅದರಿಂದಲೇ ಲೋಕದಲ್ಲಿ ವ್ಯಾಪಾರ ನಡೆಯುತ್ತಿದೆ.

ಎಚ್ಚರಿಕೆಯಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಬೆಳಿಗ್ಗೆ ಕಾರನ್ನು ಎಬ್ಬಿಸುವ ಮುಂಚೆ ಬಾನೆಟ್ಟು ಎತ್ತಿ, ಎಂಜಿನ್ ಆಯಿಲಿನ ಕಡ್ಡಿ ಎಳೆದು ಒರೆಸಿ ಅದ್ದಿ ನೋಡುವನು. ಹಾಗೆಯೇ ಗೇರ್‌ಬಾಕ್ಸಿನ ಕೆಂಪು ಎಣ್ಣೆಯ ಕಡ್ಡಿಯನ್ನೂ. ಎರಡೂ ಗೆರೆ ಮುಟ್ಟಿರುತ್ತಿದ್ದವು. ಗೇರು ಜಾರತೊಡಗಿದ ಮೇಲೆ ಕಾರಿನಡಿಗೆ ರಟ್ಟು ಹಾಸಿಟ್ಟು ನೋಡಿದ. ಒಂದು ತೊಟ್ಟೂ ಬಿದ್ದಿರಲಿಲ್ಲ. ಎಣ್ಣೆ ತುಂಬಿದೆ, ಸೋರುತ್ತಿಲ್ಲ, ಆದರೂ ಜಾರುತ್ತದೆ. ಎಂದಮೇಲೆ ಗೇರ್‌ಬಾಕ್ಸಿನ ಹೊಟ್ಟೆಯೇ ಸುಟ್ಟಿದೆ ಎಂದು ಅವನ ಎದೆ ಹೇಳುತ್ತಿತ್ತು. ದೊಡ್ಡ ರಸ್ತೆಯ ಗ್ಯಾರೇಜಿನವರು ಕುರ್ಚಿ ಬಿಟ್ಟೇಳದೆ ಅದನ್ನೇ ಹೇಳಿದರು: "ಗೇರ್‌ಬಾಕ್ಸ್ ಹೋಗಿದೆ. ಇದರ ಪಾರ್ಟು ಎಲ್ಲೂ ಸಿಗಲ್ಲ. ಗುಜರಿಗೆ ಹಾಕಿ."

ಕಾರು ಹೊಂಡದ ಬದಿಯಲ್ಲಿ ಜಾರಿದ ಆ ದಿನ ಆಸ್ಪತ್ರೆಯಿಂದ ಇಳಿಯುವಾಗ, ಮನೆಗೂ ಹೋಗದೆ, ಟೈರು ಅಂಗಡಿಯ ಹಿಂದಿನ ಶೆಡ್ಡಿಗೆ ಕಾರನ್ನು ತಂದ. ಅಲ್ಲಿಯ ಮೇಸ್ತ್ರಿ ಹಳೆ ಗಾಡಿಗಳಿಗೆ ಹೆಸರಾದವನು, ಬಾಯಿಗೂ. ಅಕ್ಕ ಸುಸ್ತಾಗಿ ಹಿಂದಿನ ಸೀಟಿನಲ್ಲೇ ಮಲಗಿದ್ದಳು.

"ನಿಧಾನ ಮಾತಾಡಿ ಮೇಸ್ತ್ರಿ," ಬೀಗದಣ್ಣ ಪಿಸುಗುಟ್ಟಿದ. "ಅಕ್ಕಂಗೆ ಏನೂ ಗೊತ್ತಿಲ್ಲ. ಹೆದರ್ಕೊಂಡ್ಬಿಡ್ತಾಳೆ."

"ನಿಮ್ಮ ಮುಖ ನೋಡಿದ್ರೆ ಅವರಿಗಿಂತ ಮುಂಚೆ ನಿಮ್ಮನ್ನೇ ಅಡ್ಮಿಟ್ ಮಾಡ್ಬೇಕು. ಎಣ್ಣೆ ನೋಡಿದ್ರಾ?"

"ದಿನಾ ನೋಡ್ತೀನಿ. ತುಂಬಾ ಇದೆ."

"ಎಂಜಿನ್ ನಿಲ್ಸಿ ನೋಡ್ತೀರೋ, ಓಡ್ತಿರುವಾಗ ನೋಡ್ತೀರೋ?"

"ಓಡ್ತಿರುವಾಗ ಯಾರಾದ್ರೂ ಕೈ ಹಾಕ್ತಾರಾ?"

ಮೇಸ್ತ್ರಿ ಬಾನೆಟ್ಟು ಎತ್ತಿದ. ಬಿಸಿಯಾಗಿದ್ದ ಎಂಜಿನ್ನನ್ನು ಓಡಲು ಬಿಟ್ಟು ಗೇರ್‌ಬಾಕ್ಸಿನ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ಎತ್ತಿ ಹಿಡಿದ. ಕಡ್ಡಿ ಒಣಗಿತ್ತು.

"ನಿಂತಾಗ ಮೇಲಿನ ಎಣ್ಣೆಯೆಲ್ಲ ಇಳಿದು ತಳದ ತಟ್ಟೆಗೆ ಬರುತ್ತೆ, ತುಂಬಿರೋ ಹಾಗೆ ಕಾಣುತ್ತೆ. ಎಂಜಿನ್ ಓಡ್ದಾಗಲೇ ಇದರ ನಿಜ ಗೊತ್ತಾಗೋದು. ಏರಲ್ಲಿ ಇರೋ ಚೂರೂ ಹಿಂದಕ್ಕೆ ಹೋಗುತ್ತೆ, ಪಂಪು ಗಾಳಿ ಕುಡಿಯುತ್ತೆ, ಗೇರು ಕೈಬಿಡುತ್ತೆ."

ಅಷ್ಟು ಶ್ರದ್ಧೆಯಿಂದ ಬೆಳಿಗ್ಗೆ ಬೆಳಿಗ್ಗೆ ತನಗೆ ತಾನೇ ಸುಳ್ಳು ಹೇಳಿಕೊಂಡಿದ್ದೆನಲ್ಲ ಎಂದು ಬೀಗದಣ್ಣ ಆ ಕಡ್ಡಿಯನ್ನೇ ನೋಡಿದ. "ಆದ್ರೆ ಸೋರ್ತಾ ಇಲ್ವಲ್ಲ! ಎಣ್ಣೆ ಹೋಗಿದ್ದೆಲ್ಲಿಗೆ?"

"ಅದೇ ನಂಗೂ ಹೆದರಿಕೆ. ಹಾಗಿದ್ರೆ ಪೂರ್ತಿ ಇಳಿಸಿ ಬಿಚ್ಬೇಕು. ವಾರಗಟ್ಟಲೆ ಗಾಡಿ ಇಲ್ಲೇ ಇರುತ್ತೆ. ಜೋಡಿಸಿದ್ಮೇಲೂ ಹಿಡಿಯುತ್ತೆ ಅಂತ ನಾನು ಆಣೆ ಮಾಡಲ್ಲ."

ವಾರಗಟ್ಟಲೆ. ಆ ಗುಳುಗುಳು ಸದ್ದು ಬೀಗದಣ್ಣನ ಕಿವಿಯಲ್ಲಿ ಮತ್ತೆ ಎದ್ದಿತು. ಅವನು ಕಾರಿನ ಬಾಗಿಲು ಹಿಡಿದುಕೊಂಡು ನಿಂತ.

"ಹೊಗೆ," ಎಂದಿತು ಹಿಂದಿನ ಸೀಟು.

ಇಬ್ಬರೂ ತಿರುಗಿದರು. ಅಕ್ಕ ಕಣ್ಣು ಬಿಟ್ಟಿದ್ದಳು. "ಏರಲ್ಲಿ ಹಿಂದೆ ಬಿಳಿ ಹೊಗೆ ಬರುತ್ತೆ. ದಟ್ಟವಾಗಿ. ಸುಟ್ಟೆಣ್ಣೆ ವಾಸನೆ. ಮಲಗಿದ್ರೆ ನಂಗೆ ಹಿಂದಿನ ಗಾಜು ತಾನೇ ಕಾಣೋದು."

"ಯಾವಾಗಿಂದಕ್ಕ?"

"ಚಳಿ ಶುರುವಾದಾಗಿಂದ."

"ಅಷ್ಟು ದಿನದಿಂದ! ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೆದರ್ಕೊಳ್ತಿದ್ದೆ. ಹೆದರಿದೋನು ಸ್ಟಿಯರಿಂಗ್ ಹಿಡ್ಕೊಂಡ್ರೆ ನನ್ನ ಗತಿ ಏನು? ಕಾರು ಹಿಂದೆ ಜಾರೋದು ಗೊತ್ತಾಗದೆ ಇರೋಕೆ ನಂಗೆ ಕಿಡ್ನಿ ಹೋಗಿದೆಯೋ ತಲೆ ಹೋಗಿದೆಯೋ?"

ಮೇಸ್ತ್ರಿ ಆಗಲೇ ಕಾರಿನಡಿ ತೂರಿದ್ದ. ಗೇರ್‌ಬಾಕ್ಸಿನ ಪಕ್ಕದಲ್ಲಿ, ಎಂಜಿನ್ನಿನ ಮೇಲಿನ ಭಾರವನ್ನು ಗೇರಿಗೆ ತಿಳಿಸುವ ಅಂಗೈಯಗಲದ ಒಂದು ತಗಡಿನ ಡಬ್ಬಿ. ಅದರಿಂದ ಎಂಜಿನ್ನಿಗೆ ಒಂದು ರಬ್ಬರ್ ಕೊಳವೆ. ಆ ಕೊಳವೆಯಲ್ಲಿ ಗಾಳಿಯ ಎಳೆತ ಮಾತ್ರ ಇರಬೇಕು. ಮೇಸ್ತ್ರಿ ಅದನ್ನು ಕಿತ್ತಾಗ ಬೆರಳಿಗೆ ಕೆಂಪೆಣ್ಣೆ ಹತ್ತಿತು.

"ಸಿಕ್ದ ಕಳ್ಳ! ಡಬ್ಬಿಯೊಳಗಿನ ರಬ್ಬರ್ ಪೊರೆ ಹರಿದಿದೆ. ಎಂಜಿನ್ನು ನಿಮ್ಮ ಗೇರೆಣ್ಣೇನ ಹೀರಿ ಹೀರಿ ಸುಡ್ತಾ ಇದೆ. ನೆಲಕ್ಕೆ ಹೇಗೆ ಬೀಳುತ್ತೆ?"

ಬೀಗದಣ್ಣ ನಗಲು ಹೊರಟ. ಮೇಸ್ತ್ರಿ ಕೈ ಎತ್ತಿದ. "ತಾಳಿ. ಎಣ್ಣೆಯಿಲ್ಲದೆ ಎಷ್ಟು ದಿನ ಓಡಿದೆಯೋ, ಒಳಗೆ ಗೇರು ಹಿಡಿಯೋ ಪ್ಲೇಟು ಸುಟ್ಟಿದ್ರೆ ಡಬ್ಬಿ ಬದಲಾಯಿಸಿ ಏನೂ ಪ್ರಯೋಜನವಿಲ್ಲ. ತಳದ ಎಣ್ಣೆ ತಟ್ಟೆ ಬಿಚ್ಚಿ ನೋಡೋಣ."

ಬೋಲ್ಟುಗಳು ಒಂದೊಂದಾಗಿ ಸಡಿಲಾದವು. ವೈದ್ಯರು ಪರೀಕ್ಷೆಯ ಫಲಿತಾಂಶ ಹಿಡಿದು ಬರುವಾಗ ಅವರ ಮುಖವನ್ನೇ ನೋಡಿ ಅಭ್ಯಾಸವಾಗಿದ್ದ ಬೀಗದಣ್ಣ ಈಗ ಮೇಸ್ತ್ರಿಯ ಮುಖ ನೋಡಿದ. ಅದರಲ್ಲಿ ಗ್ರೀಸಲ್ಲದೆ ಬೇರೇನೂ ಕಾಣಲಿಲ್ಲ. ತಟ್ಟೆಯ ತಳದಲ್ಲಿ ಬೂದುಬಣ್ಣದ ಕೆಸರು. ಮೇಸ್ತ್ರಿ ಬೆರಳಲ್ಲಿ ಉಜ್ಜಿದ, ಮೂಸಿದ, ಬೆಳಕಿಗೆ ಹಿಡಿದ.

"ಲೋಹದ ಚೂರಿಲ್ಲ. ಆದ್ರೆ ವಾಸನೆ ಸ್ವಲ್ಪ ಸುಟ್ಟಿದೆ. ಪ್ಲೇಟು ಒಂದಿಷ್ಟು ಸವೆದಿದೆ. ಎಷ್ಟು ಅಂತ ನಾನು ಹೇಳಲಾರೆ. ಏರೇ ಹೇಳ್ಬೇಕು."

ಹಳೆ ಸಾಮಾನಿನ ಪೆಟ್ಟಿಗೆ ಕೆದಕಿ ಅಂಥದ್ದೇ ಒಂದು ಡಬ್ಬಿ ತೆಗೆದ. ಅದರ ಮೂತಿಯನ್ನು ಬಾಯಿಗಿಟ್ಟು ಗಾಳಿ ಹೀರಿ, ನಾಲಿಗೆಯಿಂದ ಮುಚ್ಚಿದ. ಡಬ್ಬಿ ನಾಲಿಗೆಗೆ ಕಚ್ಚಿಕೊಂಡು ನೇತಾಡಿತು. ಪೊರೆ ಗಟ್ಟಿಯಿದೆ ಎಂಬುದಕ್ಕೆ ಅದೇ ಸಾಕ್ಷಿ. ಆ ಹೊತ್ತಿನಷ್ಟಾದರೂ ಮೇಸ್ತ್ರಿಯ ಬಾಯಿಗೆ ರಜೆ ಸಿಕ್ಕಿತು. ಡಬ್ಬಿ ಕೂರಿಸಿ, ಎಣ್ಣೆ ಸೋಸುವ ಜಾಲರಿ ಬದಲಿಸಿ, ಹೊಸ ಎಣ್ಣೆ ಹೊಯ್ದು, ಎಂಜಿನ್ ಓಡುತ್ತಿರುವಾಗಲೇ ಬೀಗದಣ್ಣನ ಕೈಯಿಂದ ಕಡ್ಡಿ ಎಳೆಸಿದ. ಗೆರೆ ಮುಟ್ಟಿತ್ತು. ಸಮತಟ್ಟು ರಸ್ತೆಯಲ್ಲಿ ಕಾರು ಮೆತ್ತಗೆ ಮನೆಗೆ ಹೋಯಿತು. ಸಮತಟ್ಟಿನಲ್ಲಿ ಎಲ್ಲರೂ ಒಳ್ಳೆಯವರೇ.

ಮತ್ತೆ ಸರದಿ ಬಂದ ಬೆಳಿಗ್ಗೆ ಏರು ಎದುರಾಯಿತು. ಬೀಗದಣ್ಣ ನಿಲ್ಲದೆ ಒಂದೇ ಓಟಕ್ಕೆ ಹತ್ತಿಬಿಡುವ ಲೆಕ್ಕ ಹಾಕಿದ್ದ. ಹೊಂಡದ ಬದಿಗೆ ಬರುತ್ತಿದ್ದಂತೆ ತಿರುವಿನಲ್ಲಿ ಕಲ್ಲು ತುಂಬಿದ ಲಾರಿ ಇಳಿದು ಬಂತು, ರಸ್ತೆ ಪೂರ್ತಿ ತನ್ನದೇ ಎಂಬಂತೆ. ಗೋಡೆಗೆ ಒತ್ತಿ ನಿಲ್ಲಿಸದೆ ಗತಿಯಿರಲಿಲ್ಲ. ಲಾರಿ ದಾಟಿತು. ರಸ್ತೆ ಖಾಲಿಯಾಯಿತು. ಬ್ರೇಕಿನ ಮೇಲಿನ ಕಾಲು ಏಳಲಿಲ್ಲ.

"ಅಕ್ಕ, ನಂಗೆ ಭಯ ಆಗ್ತಿದೆ."

"ನಂಗೂ ಆಗ್ತಿದೆ ಕಣೋ. ಇಬ್ಬರೂ ಹೆದರ್ಕೊಂಡು ಇಲ್ಲೇ ಕೂತ್ರೆ ಆಸ್ಪತ್ರೆ ಇಳಿದು ಬರುತ್ತಾ? ಒತ್ತು."

ಅವನು ಒತ್ತಿದ. ಎಂಜಿನ್ನು ಕೂಗಿತು. ಕಾರು ಒಂದು ಗೇಣು ಹಿಂದೆ ಸರಿಯಿತು. ಆಮೇಲೆ ಗೇರು ಕಚ್ಚಿಕೊಂಡಿತು. ಗೋಡೆಯ ಕಲ್ಲುಗಳು ಹಿಂದಕ್ಕೆ ಹೋಗತೊಡಗಿದವು, ಮೊದಲು ನಿಧಾನವಾಗಿ, ಆಮೇಲೆ ಸರಸರನೆ.

ಗೇಟಿನಲ್ಲಿ ಗಾಲಿಕುರ್ಚಿಯವನು ಬಂದು ಅಕ್ಕನನ್ನು ಇಳಿಸಿಕೊಂಡ. ಬೀಗದಣ್ಣ ಇಳಿಯಲಿಲ್ಲ. ಆ ಒಂದು ಗೇಣು ಹೊಸ ಎಣ್ಣೆ ತುಂಬಿಕೊಳ್ಳಲು ಬೇಕಾದದ್ದೋ, ಸವೆದ ಪ್ಲೇಟಿನದೋ ಎಂದು ಲೆಕ್ಕ ಹಾಕುತ್ತ ಸ್ಟಿಯರಿಂಗ್ ಹಿಡಿದೇ ಕೂತ. ಅಕ್ಕ ಒಳಗೆ ಹೋಗುತ್ತ ಕುರ್ಚಿ ನಿಲ್ಲಿಸಿ ತಿರುಗಿದಳು.

"ಹಿಂದೆ ಸರೀತು ಅಲ್ವಾ?"

"ಸರೀತಕ್ಕ. ಒಂದು ಗೇಣು."

"ನಾಡಿದ್ದು ಬರುವಾಗ ನಾನು ಮುಂದಿನ ಸೀಟಲ್ಲಿ ಕೂರ್ತೀನಿ," ಎಂದಳು. "ನೀನು ಒಬ್ಬನೇ ನೋಡೋದು ಬೇಡ."